ಕಟ್ಟಿದ ಕಿಣ್ವ ಎಷ್ಟು ದಿನ ದುಡಿಯುತ್ತದೆ?

(ಬೆಳಗಾವಿಯಲ್ಲಿ ರಸಾಯನಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ, ಸಕ್ಕರೆ ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ಸಕ್ಕರೆ ನೀರಿಗೆ ಇನ್ವರ್ಟೇಸ್ ಎನ್ನುವ ಕಿಣ್ವವನ್ನು ಒಂದಿಷ್ಟು ಹಾಕಿ. ಸ್ವಲ್ಪ ಹುಳಿ ಇರಲಿ, ಪಿಎಚ್ ನಾಲ್ಕೂವರೆ ಐದರ ಸುತ್ತ. 50 ಡಿಗ್ರಿಯಲ್ಲಿ ಬೆಚ್ಚಗಿಡಿ. ಸಕ್ಕರೆಯ ಒಂದೊಂದು ಅಣುವೂ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಾ ಹೋಗುತ್ತದೆ. ಕೆಲಸ ಮುಗಿದ ಮೇಲೆ ಆ ಕಿಣ್ವ ಎಲ್ಲಿದೆ? ಅಲ್ಲೇ ಇದೆ. ಅದು ಖರ್ಚಾಗಿಲ್ಲ. ಇನ್ನೂ ಎಷ್ಟೋ ಸಕ್ಕರೆಯನ್ನು ಒಡೆಯುವ ಶಕ್ತಿ ಅದಕ್ಕಿದೆ. ಆದರೆ ಅದು ಪಾಕದಲ್ಲಿ ಕರಗಿ ಕೂತಿದೆ. ಅದನ್ನು ಹೊರಗೆ ತೆಗೆಯುವ ಖರ್ಚು ಹೊಸ ಕಿಣ್ವ ಕೊಳ್ಳುವ ಖರ್ಚಿಗಿಂತ ಜಾಸ್ತಿ. ಹಾಗಾಗಿ ಪಾಕವನ್ನು ಕುದಿಸಿ, ಚೆನ್ನಾಗಿದ್ದ ಕಿಣ್ವವನ್ನು ಸುಮ್ನೆ ಕೊಂದು ಹಾಕುತ್ತೇವೆ.

ಇವತ್ತಿನ ಮಾತೆಲ್ಲ ಈ ನಷ್ಟದ ಸುತ್ತ. ಕಿಣ್ವವನ್ನು ನೀರಿನಲ್ಲಿ ಕರಗದ ಒಂದು ಆಧಾರಕ್ಕೆ ಕಟ್ಟಿಬಿಟ್ಟರೆ, ಪಾಕ ಹರಿದು ಹೋಗುತ್ತದೆ, ಕಿಣ್ವ ಉಳಿಯುತ್ತದೆ. ಕೇಳಲು ಸರಳ. ಆದರೆ ಯಾವುದಕ್ಕೆ ಕಟ್ಟಬೇಕು, ಹೇಗೆ ಕಟ್ಟಬೇಕು, ಕಟ್ಟಿದ ಮೇಲೆ ಅದು ಎಷ್ಟು ಕಾಲ ದುಡಿಯುತ್ತದೆ ಎನ್ನುವಲ್ಲಿ ನಿಜವಾದ ವಿಷಯವಿದೆ. ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಪ್ರಾಜೆಕ್ಟ್ ವರದಿಗಳಲ್ಲಿ ಅದಕ್ಕೇ ಕಡಿಮೆ ಜಾಗ ಸಿಗುತ್ತಿದೆ.

ಈ ವಿದ್ಯೆ ಹೊಸದಲ್ಲ. 1916ರಲ್ಲಿ ಅಮೆರಿಕದ ನೆಲ್ಸನ್ ಮತ್ತು ಗ್ರಿಫಿನ್ ಇನ್ವರ್ಟೇಸನ್ನು ಇದ್ದಿಲಿನ ಪುಡಿಯ ಮೇಲೆ ಕೂರಿಸಿ ನೋಡಿದರು. ಇದ್ದಿಲಿಗೆ ಅಂಟಿಕೊಂಡ ಮೇಲೂ ಕಿಣ್ವ ಮೊದಲಿನ ಹಾಗೇ ಸಕ್ಕರೆಯನ್ನು ಒಡೆಯುತ್ತಿತ್ತು. ಎಂಥ ದೊಡ್ಡ ಸಂಗತಿ, ಅಲ್ವಾ? ಆದರೂ ಅದನ್ನು ಕೆಲಸಕ್ಕೆ ಹಚ್ಚಲು ದಶಕಗಳೇ ಹಿಡಿದವು. 1953ರಲ್ಲಿ ಗ್ರುಬ್‌ಹೋಫರ್ ಮತ್ತು ಶ್ಲೈತ್ ಪಾಲಿಸ್ಟೈರೀನ್ ಜಾತಿಯ ಒಂದು ಪಾಲಿಮರ್‌ಗೆ ಪೆಪ್ಸಿನ್, ಡಯಾಸ್ಟೇಸ್ ಮುಂತಾದ ಕಿಣ್ವಗಳನ್ನು ರಾಸಾಯನಿಕ ಬಂಧದಿಂದಲೇ ಕಟ್ಟಿದರು. ಆಮೇಲೆ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯಲ್ಲಿ ಎಫ್ರಾಯಿಮ್ ಕಚಾಲ್ಸ್ಕಿ ಮತ್ತು ಅವರ ಜೊತೆಗಾರರು ಇದನ್ನು ಆಳವಾಗಿ ಅಭ್ಯಾಸ ಮಾಡಿದರು. ಅವರು ಮುಂದೆ 1973ರಿಂದ 1978ರವರೆಗೆ ಆ ದೇಶದ ರಾಷ್ಟ್ರಪತಿಯೂ ಆಗಿದ್ದರು. ಅವರ ಒಂದು ಕೆಲಸದ ಬಗ್ಗೆ ಆಮೇಲೆ ಹೇಳುತ್ತೇನೆ.

ಈಗ ಸೆಲ್ಯುಲೋಸ್‌ಗೆ ಬರೋಣ. ನಮ್ಮ ಬೆಳಗಾವಿ ಸುತ್ತಲಿನ ಜಿಲ್ಲೆಗಳಲ್ಲಿ ಸೆಲ್ಯುಲೋಸ್‌ಗೆ ಬರವಿಲ್ಲ. ಹತ್ತಿ ಇದೆ, ಕಬ್ಬು ಇದೆ, ಮೆಕ್ಕೆಜೋಳದ ದಂಟಿದೆ. ಗೋಕಾಕ ಜಲಪಾತದ ಪಕ್ಕದ ಗಿರಣಿ 19ನೇ ಶತಮಾನದ ಕೊನೆಯಿಂದ ನೂಲುತ್ತಾ ಬಂದದ್ದು ಇದನ್ನೇ. ಸೆಲ್ಯುಲೋಸ್ ಅಂದರೆ ಗ್ಲೂಕೋಸ್ ಅಣುಗಳು ಒಂದರ ಬೆನ್ನಿಗೆ ಒಂದು ಕೂಡಿಕೊಂಡ ಉದ್ದನೆಯ ಸರಪಳಿ. ಸರಪಳಿಯ ಒಂದೊಂದು ಗ್ಲೂಕೋಸಿನ ಮೇಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ಹಾಗಾಗಿ ಅದಕ್ಕೆ ನೀರು ಇಷ್ಟ, ಆದರೆ ಅದು ನೀರಿನಲ್ಲಿ ಕರಗುವುದಿಲ್ಲ. ಕಿಣ್ವಕ್ಕೆ ಇಂಥ ಜಾಗವೇ ಬೇಕು. ಎಣ್ಣೆಯ ಗುಣದ ಪ್ಲಾಸ್ಟಿಕ್ ಮೇಲೆ ಕೂರಿಸಿದರೆ ಎಷ್ಟೋ ಕಿಣ್ವಗಳು ಮಡಿಕೆ ಬಿಚ್ಚಿಕೊಂಡು ಹಾಳಾಗುತ್ತವೆ. ಸೆಲ್ಯುಲೋಸ್ ಮೇಲೆ ಆ ಭಯ ಕಡಿಮೆ.

ಆದರೆ ಸೆಲ್ಯುಲೋಸ್‌ನ ಹೈಡ್ರಾಕ್ಸಿಲ್‌ಗಳು ತಾವಾಗಿ ಪ್ರೋಟೀನಿನ ಜೊತೆ ಬಂಧ ಮಾಡಿಕೊಳ್ಳುವುದಿಲ್ಲ. ಇದಕ್ಕೆ ಇಳಕಲ್ ಸೀರೆಯೇ ಸಾಕ್ಷಿ. ಹಳೆಯ ಪದ್ಧತಿಯ ಸೀರೆಯಲ್ಲಿ ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಹತ್ತಿ ಸೆಲ್ಯುಲೋಸ್, ರೇಷ್ಮೆ ಪ್ರೋಟೀನ್. ಎರಡೂ ಒಂದೇ ಸೀರೆಯಲ್ಲಿ ವರ್ಷಗಟ್ಟಲೆ ಮೈಗೆ ಮೈ ತಾಗಿಸಿಕೊಂಡಿರುತ್ತವೆ. ಎಷ್ಟು ಸಲ ಒಗೆದರೂ, ಬಿಸಿಲಿಗೆ ಹಾಕಿದರೂ ಒಂದಕ್ಕೊಂದು ಅಂಟುವುದಿಲ್ಲ. ಅವನ್ನು ಕೂಡಿಸಲು ನೇಕಾರರು ಎಳೆ ಎಳೆಗೂ ಕುಣಿಕೆ ಹಾಕಬೇಕು. ಪ್ರಯೋಗಾಲಯದಲ್ಲೂ ಅಷ್ಟೇ. ಸೆಲ್ಯುಲೋಸನ್ನು ಮೊದಲು ಬದಲಿಸಿ, ಎಚ್ಚರಿಸಿ, ಆಮೇಲೆ ಕಿಣ್ವವನ್ನು ತಂದು ಕೂರಿಸಬೇಕು.

ಎಲ್ಲಕ್ಕಿಂತ ಸುಲಭದ ದಾರಿ ವಿದ್ಯುದಾವೇಶದ್ದು. ಸೆಲ್ಯುಲೋಸ್‌ಗೆ ಡಿಇಎಇ ಎನ್ನುವ ಗುಂಪನ್ನು ಸೇರಿಸಿದರೆ ಅದಕ್ಕೆ ಧನಾವೇಶ ಬರುತ್ತದೆ. ಪಿಎಚ್ ಏಳು ಎಂಟರಲ್ಲಿ ಎಷ್ಟೋ ಕಿಣ್ವಗಳ ಮೈಮೇಲೆ ಋಣಾವೇಶ ಇರುತ್ತದೆ. ಎರಡನ್ನೂ ಕಲಸಿ, ತೊಳೆದರೆ ಮುಗಿಯಿತು. ಕಿಣ್ವಕ್ಕೆ ಯಾವ ಪೆಟ್ಟೂ ಇಲ್ಲ. ಕೊರತೆ ಅಂದರೆ ಉಪ್ಪು ಜಾಸ್ತಿಯಾದರೆ ಅಥವಾ ಪಿಎಚ್ ಬದಲಾದರೆ ಕಿಣ್ವ ಕಳಚಿಕೊಂಡು ಹೋಗುತ್ತದೆ.

ಈ ಕೊರತೆಯನ್ನೇ ಜಪಾನಿನ ಇಚಿರೋ ಚಿಬಾಟ ಲಾಭಕ್ಕೆ ತಿರುಗಿಸಿದರು. 1969ರಲ್ಲಿ ಒಸಾಕದ ತನಾಬೆ ಸೆಯಾಕು ಕಂಪನಿಯಲ್ಲಿ ಅವರ ತಂಡ ಅಮೈನೋಅಸೈಲೇಸ್ ಕಿಣ್ವವನ್ನು ಡಿಇಎಇ-ಸೆಫಡೆಕ್ಸ್ ಎನ್ನುವ ಪಾಲಿಮರ್ ಮಣಿಗಳಿಗೆ ಕೂರಿಸಿ, ಕಾಲಂ ಎನ್ನುವ ಉದ್ದನೆಯ ಕೊಳವೆಯಲ್ಲಿ ತುಂಬಿ, ಅಮೈನೋ ಆಮ್ಲಗಳ ತಯಾರಿಕೆ ಶುರು ಮಾಡಿತು. ಕಾರ್ಖಾನೆ ಮಟ್ಟದಲ್ಲಿ ಕಟ್ಟಿದ ಕಿಣ್ವ ದುಡಿದ ಮೊದಲ ಉದಾಹರಣೆ ಅಂತ ಅದನ್ನೇ ಹೇಳುತ್ತಾರೆ. 50 ಡಿಗ್ರಿಯಲ್ಲಿ ಎರಡು ತಿಂಗಳು ದಾಟಿದ ಮೇಲೆ ಆ ಕಾಲಂ ಅರ್ಧ ಶಕ್ತಿಗೆ ಇಳಿಯುತ್ತಿತ್ತು. ಆಗ ಮಣಿಗಳನ್ನು ಎಸೆಯುತ್ತಿರಲಿಲ್ಲ. ಅದೇ ಕಾಲಂಗೆ ಹೊಸ ಕಿಣ್ವದ ದ್ರಾವಣ ಹಾಯಿಸಿದರೆ ಅದು ಮತ್ತೆ ತುಂಬಿಕೊಳ್ಳುತ್ತಿತ್ತು. ಬಂಧ ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಆಧಾರ ದುಬಾರಿ, ಹರಿಯುವ ದ್ರಾವಣದಲ್ಲಿ ಉಪ್ಪು ಕಡಿಮೆ. ಹಾಗಾಗಿ ಸಡಿಲ ಬಂಧವೇ ಸರಿಯಾದ ಆಯ್ಕೆ.

ಗಟ್ಟಿ ಬಂಧ ಬೇಕೇ ಬೇಕು ಎನ್ನುವ ಕಡೆ ಕೋವೇಲೆಂಟ್ ದಾರಿ, ಅಂದರೆ ರಾಸಾಯನಿಕ ಬಂಧದಿಂದಲೇ ಕಟ್ಟುವ ದಾರಿ ಹಿಡಿಯಬೇಕು. ಪುಸ್ತಕ ತೆಗೆದರೆ ಮೊದಲು ಸಿಗುವುದು ಸಯನೋಜನ್ ಬ್ರೋಮೈಡ್. 1967ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಆಕ್ಸೆನ್, ಪೊರಾಟ್ ಮತ್ತು ಎರ್ನ್‌ಬಾಕ್ ಈ ದಾರಿ ತೋರಿಸಿದರು. ವಿಧಾನ ಚೆನ್ನಾಗಿದೆ. ಆದರೆ ವಿದ್ಯಾರ್ಥಿಗಳಿಗೆ ನಾನು ಕೈಮುಗಿದು ಹೇಳುತ್ತೇನೆ, ಕಾಲೇಜಿನ ಪ್ರಯೋಗಾಲಯದಲ್ಲಿ ಅದನ್ನು ಮುಟ್ಟಬೇಡಿ. ಅದು ತಾನೇ ವಿಷ, ಮೇಲಾಗಿ ಆಮ್ಲ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಬರುತ್ತದೆ. ವಿಷಾನಿಲವನ್ನು ಹೊರಗೆಳೆಯುವ ಸರಿಯಾದ ಫ್ಯೂಮ್ ಹುಡ್ ಮತ್ತು ತರಬೇತಿ ಇಲ್ಲದೆ ಮಾಡುವ ಕೆಲಸ ಅದಲ್ಲ.

ಪೆರಿಯೋಡೇಟ್ ವಿಧಾನ ನಮಗೆ ಕೈಗೆಟುಕುವಂಥದ್ದು. ಸೋಡಿಯಂ ಪೆರಿಯೋಡೇಟ್ ಗ್ಲೂಕೋಸ್ ಉಂಗುರದ ಎರಡನೇ ಮತ್ತು ಮೂರನೇ ಇಂಗಾಲದ ನಡುವೆ ಕತ್ತರಿಸುತ್ತದೆ. ಅಲ್ಲಿ ಎರಡು ಆಲ್ಡಿಹೈಡ್ ಗುಂಪುಗಳು ಹುಟ್ಟುತ್ತವೆ. ಕಿಣ್ವದ ಮೈಮೇಲೆ ಲೈಸಿನ್ ಎನ್ನುವ ಅಮೈನೋ ಆಮ್ಲದ ಅಮೈನ್ ತುದಿಗಳಿರುತ್ತವೆ. ಆಲ್ಡಿಹೈಡ್ ಮತ್ತು ಅಮೈನ್ ಕೂಡಿದರೆ ಶಿಫ್ ಬೇಸ್ ಎನ್ನುವ ಬಂಧ ಆಗುತ್ತದೆ. ಆ ಬಂಧ ನೀರಿನಲ್ಲಿ ಬಿಚ್ಚಿಕೊಳ್ಳಬಹುದು. ಸೋಡಿಯಂ ಬೋರೋಹೈಡ್ರೈಡಿನಿಂದ ಅಪಕರ್ಷಿಸಿದರೆ ಗಟ್ಟಿಯಾಗುತ್ತದೆ. ಪೆರಿಯೋಡೇಟ್ ಹಂತವನ್ನು ಕತ್ತಲಲ್ಲಿ ಮಾಡಿ. ಉಳಿದ ಪೆರಿಯೋಡೇಟನ್ನು ಎಥಿಲೀನ್ ಗ್ಲೈಕಾಲ್ ಹಾಕಿ ಮುಗಿಸಿ, ಚೆನ್ನಾಗಿ ತೊಳೆಯಿರಿ. ಅದು ಉಳಿದರೆ ಕಿಣ್ವದ ಮೇಲೆಯೇ ಬೀಳುತ್ತದೆ. ಇನ್ನೊಂದು ಮಾತು. ಆಲ್ಡಿಹೈಡ್ ಜಾಸ್ತಿ ಬೇಕು ಅಂತ ಗಂಟೆಗಟ್ಟಲೆ ಬಿಡಬೇಡಿ. ಉಂಗುರಗಳು ತೆರೆದುಕೊಂಡಷ್ಟೂ ನಾರಿನ ಬಲ ಹೋಗುತ್ತದೆ. ಕೊನೆಗೆ ಕಾಲಂನಲ್ಲಿ ಅದು ಪುಡಿಯಾಗಿ ಹರಿವನ್ನೇ ಕಟ್ಟಿಹಾಕುತ್ತದೆ.

ಸೀಗಡಿ, ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್‌ನಲ್ಲಿ ಅಮೈನ್ ಗುಂಪುಗಳು ಮೊದಲೇ ಇವೆ. ಅಲ್ಲಿ ಗ್ಲುಟರಾಲ್ಡಿಹೈಡ್ ಹಾಕಿದರೆ ಒಂದು ತುದಿ ಕೈಟೋಸಾನ್ ಹಿಡಿಯುತ್ತದೆ, ಇನ್ನೊಂದು ಕಿಣ್ವ ಹಿಡಿಯುತ್ತದೆ. ಅಕ್ರಿಲಿಕ್ ರೆಸಿನ್‌ಗಳೂ ಇವೆ. ಲೈಪೇಸ್ ಕಿಣ್ವವನ್ನು ಅಂಥ ರೆಸಿನ್ ಮೇಲೆ ಕೂರಿಸಿ ಮಾರುತ್ತಾರೆ. ಲೈಪೇಸ್‌ಗೆ ಎಣ್ಣೆಯ ಗುಣದ ಮೇಲ್ಮೈ ಇಷ್ಟ. ಎಲ್ಲ ಕಿಣ್ವಕ್ಕೂ ಒಂದೇ ಆಧಾರ ಹೊಂದುವುದಿಲ್ಲ ಎನ್ನುವುದಕ್ಕೆ ಅದೊಂದು ಉದಾಹರಣೆ ಸಾಕು.

ಕಟ್ಟುವಾಗ ಆಗುವ ನಷ್ಟದ ಮಾತು ಈಗ. ಕಿಣ್ವದಲ್ಲಿ ಕೆಲಸ ನಡೆಯುವ ಜಾಗ ಒಂದು ಸಣ್ಣ ಸಂದು. ಬಂಧ ಆ ಸಂದಿನ ಪಕ್ಕದಲ್ಲೇ ಬಿದ್ದರೆ, ಅಥವಾ ಸಂದು ಆಧಾರದ ಕಡೆ ಮುಖ ಮಾಡಿ ಕೂತರೆ, ಕಿಣ್ವ ಅಂಟಿದೆ, ಆದರೆ ಕೆಲಸವಿಲ್ಲ. ಇದಕ್ಕೆ ಎರಡು ಉಪಾಯ. ಕಟ್ಟುವಾಗ ದ್ರಾವಣಕ್ಕೆ ಆ ಕಿಣ್ವ ಒಡೆಯುವ ಪದಾರ್ಥವನ್ನೇ, ಅಥವಾ ಅದನ್ನು ಹೋಲುವ ತಡೆಗಾರವನ್ನು ಸೇರಿಸುವುದು. ಅದು ಸಂದಿನಲ್ಲಿ ಕೂತು ಜಾಗ ಕಾಯುತ್ತದೆ. ಎರಡನೆಯದು, ಕಿಣ್ವ ಮತ್ತು ಆಧಾರದ ನಡುವೆ ಆರೇಳು ಇಂಗಾಲದ ಒಂದು ತೋಳು ಇಡುವುದು. ಗೂಟಕ್ಕೆ ಕಟ್ಟಿದ ಎತ್ತಿನ ಹಗ್ಗ ತೀರಾ ಗಿಡ್ಡವಾದರೆ ಎದುರಿಗಿನ ಮೇವಿಗೆ ಬಾಯಿ ಮುಟ್ಟುವುದಿಲ್ಲ, ನೋಡಿ. ಹಾಗೆಯೇ ಇದು.

ಆಧಾರ ಬರೀ ಹಿಡಿದುಕೊಂಡು ಕೂರುವುದಿಲ್ಲ, ಕಿಣ್ವದ ಸುತ್ತಲಿನ ವಾತಾವರಣವನ್ನೇ ಬದಲಿಸುತ್ತದೆ. ಕಚಾಲ್ಸ್ಕಿ ಅವರ ಆ ಕೆಲಸ ಇದರ ಬಗ್ಗೆಯೇ. 1964ರಲ್ಲಿ ಗೋಲ್ಡ್‌ಸ್ಟೀನ್, ಲೆವಿನ್ ಮತ್ತು ಕಚಾಲ್ಸ್ಕಿ ಟ್ರಿಪ್ಸಿನ್ ಕಿಣ್ವವನ್ನು ಋಣಾವೇಶ ತುಂಬಿದ ಪಾಲಿಮರ್‌ಗೆ ಕಟ್ಟಿದರು. ಕಿಣ್ವ ಅತಿ ಚೆನ್ನಾಗಿ ದುಡಿಯುವ ಪಿಎಚ್ ಮೇಲಕ್ಕೆ ಸರಿಯಿತು, ಅದೂ ಒಂದಕ್ಕಿಂತ ಹೆಚ್ಚು ಅಂಕೆಯಷ್ಟು. ಕಿಣ್ವ ಬದಲಾಯಿತೇ? ಇಲ್ಲ. ಋಣಾವೇಶ ಹೈಡ್ರೋಜನ್ ಅಯಾನುಗಳನ್ನು ಹತ್ತಿರ ಎಳೆದುಕೊಳ್ಳುತ್ತದೆ. ಹಾಗಾಗಿ ಕಿಣ್ವದ ಮಗ್ಗುಲಲ್ಲಿ ನಾವು ಬೀಕರಿನಲ್ಲಿ ಅಳೆದದ್ದಕ್ಕಿಂತ ಜಾಸ್ತಿ ಹುಳಿ ಇರುತ್ತದೆ. ಅದನ್ನು ಸರಿದೂಗಿಸಲು ಹೊರಗೆ ಪಿಎಚ್ ಏರಿಸಬೇಕು. ದ್ರಾವಣದಲ್ಲಿ ಉಪ್ಪು ಹೆಚ್ಚಿಸಿದರೆ ಈ ಅಂತರ ಇಳಿಯುತ್ತದೆ. ನನಗೆ ಈ ಪ್ರಯೋಗ ತುಂಬಾ ಇಷ್ಟ. ಪಿಎಚ್ ಮೀಟರ್ ತೋರಿಸುವ ಸಂಖ್ಯೆ ಕಿಣ್ವಕ್ಕೆ ಸಿಗುವ ಪಿಎಚ್ ಅಲ್ಲದೆಯೂ ಇರಬಹುದು ಅಂತ ಅಷ್ಟು ಸ್ಪಷ್ಟವಾಗಿ ಇನ್ನಾವುದೂ ತೋರಿಸುವುದಿಲ್ಲ.

ಇದೇ ವಿಷಯ ಪೆನಿಸಿಲಿನ್ ಉದ್ಯಮದಲ್ಲಿ ಬರುತ್ತದೆ. ಪೆನಿಸಿಲಿನ್ ಜಿಯಿಂದ 6-ಎಪಿಎ ಎನ್ನುವ ತಿರುಳನ್ನು ತೆಗೆದು, ಅದರಿಂದ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮಾಡುತ್ತಾರೆ. ಹಳೆಯ ರಾಸಾಯನಿಕ ದಾರಿಯಲ್ಲಿ ಇದಕ್ಕೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ ಬೇಕಿತ್ತು, ಫಾಸ್ಫರಸ್ ಪೆಂಟಾಕ್ಲೋರೈಡ್ ಬೇಕಿತ್ತು, ಡೈಕ್ಲೋರೋಮೀಥೇನ್ ದ್ರಾವಕ ಬೇಕಿತ್ತು. ಪಾಲಿಮರ್‌ಗೆ ಕಟ್ಟಿದ ಪೆನಿಸಿಲಿನ್ ಅಸೈಲೇಸ್ ಅದೇ ಕೆಲಸವನ್ನು ಬೆಚ್ಚನೆಯ ನೀರಿನಲ್ಲಿ, ಪಿಎಚ್ ಎಂಟರ ಸುತ್ತ ಮಾಡುತ್ತದೆ. ಈಗ ಜಗತ್ತಿನ ಬಹುಪಾಲು 6-ಎಪಿಎ ಬರುವುದು ಹೀಗೆ. ನೀವು ನುಂಗಿದ ಅಮಾಕ್ಸಿಸಿಲಿನ್ ಗುಳಿಗೆಯ ಹಿಂದೆ ಕಟ್ಟಿದ ಕಿಣ್ವವೊಂದು ದುಡಿದಿರುವ ಸಾಧ್ಯತೆ ದೊಡ್ಡದು. ಆದರೆ ಪೆನಿಸಿಲಿನ್ ಒಡೆದಾಗ ಫೀನೈಲ್ ಅಸಿಟಿಕ್ ಆಮ್ಲವೂ ಹುಟ್ಟುತ್ತದೆ. ಅದು ಮಣಿಯ ಒಳಗೇ ಹುಟ್ಟುವುದರಿಂದ ಒಳಗಿನ ಪಿಎಚ್ ಕುಸಿಯುತ್ತದೆ. ಹಾಗಾಗಿ ಕ್ಷಾರ ಹಾಕುತ್ತಾ, ಕಲಕುತ್ತಾ ಇರಬೇಕು. ಸುಮ್ನೆ ಒಂದು ಉದ್ದ ಕಾಲಂ ನಿಲ್ಲಿಸಿ ಹರಿಸಿಬಿಟ್ಟರೆ ಆಗುವುದಿಲ್ಲ.

ಕಟ್ಟದೆಯೇ ಸೆರೆ ಇಡುವ ದಾರಿಯೂ ಇದೆ. ಇದನ್ನು ನೀವು ಕಾಲೇಜಿನಲ್ಲೇ ಮಾಡಿ ನೋಡಬಹುದು. ಹುರಳಿ ಕಾಳಿನಲ್ಲಿ ಯೂರಿಯೇಸ್ ಎನ್ನುವ ಕಿಣ್ವ ಇದೆ. ಕಾಳನ್ನು ನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಸೋಸಿ. ನಾಲ್ಕು ಪರ್ಸೆಂಟ್ ಸೋಡಿಯಂ ಆಲ್ಜಿನೇಟ್ ದ್ರಾವಣವನ್ನು ಅದಕ್ಕೆ ಸಮ ಪ್ರಮಾಣದಲ್ಲಿ ಕಲಸಿ. ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಡಿ. ಬಿದ್ದ ಹನಿ ಅಲ್ಲೇ ಮಣಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು ತೊಳೆದು, ಪಿಎಚ್ ಏರಿದಾಗ ಬಣ್ಣ ಬದಲಿಸುವ ಫಿನಾಲ್ ರೆಡ್ ಹಾಕಿದ ಯೂರಿಯಾ ದ್ರಾವಣಕ್ಕೆ ಹಾಕಿ. ಯೂರಿಯಾ ಒಡೆದು ಅಮೋನಿಯಾ ಬಂದ ಹಾಗೆ ಹಳದಿ ನೀರು ಗುಲಾಬಿ ಆಗುತ್ತದೆ. ಫಾಸ್ಫೇಟ್ ಬಫರ್ ಮಾತ್ರ ಬಳಸಬೇಡಿ. ಅದು ಕ್ಯಾಲ್ಸಿಯಂ ಕಸಿದುಕೊಂಡು ಮಣಿಗಳನ್ನು ಮೆತ್ತಗೆ ಮಾಡುತ್ತದೆ. ಯೂರಿಯೇಸ್ ದೊಡ್ಡ ಅಣು, ಆದ್ದರಿಂದ ಮಣಿಯೊಳಗೆ ನಿಲ್ಲುತ್ತದೆ. ಸಣ್ಣ ಕಿಣ್ವಗಳು ಆಲ್ಜಿನೇಟ್ ಜಾಲದಿಂದ ಸೋರಿಹೋಗುತ್ತವೆ.

ಇಟಲಿಯಲ್ಲಿ ಸ್ನಾಂಪ್ರೊಜೆಟ್ಟಿ ಕಂಪನಿ ಇದನ್ನೇ ಸೆಲ್ಯುಲೋಸ್ ಟ್ರೈಅಸಿಟೇಟ್ ನಾರಿನಲ್ಲಿ ಮಾಡಿತು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸನ್ನು ನಾರಿನ ಸಣ್ಣ ಸಣ್ಣ ಗೂಡುಗಳಲ್ಲಿ ಸೆರೆಹಿಡಿದು, ಮಿಲಾನಿನ ಡೈರಿಯಲ್ಲಿ 1970ರ ದಶಕದಲ್ಲೇ ಹಾಲು ಹಾಯಿಸಿದರು. ಹಾಲಿನ ಸಕ್ಕರೆ ಅರಗದವರಿಗೆ ಆ ಹಾಲು. ಬೆಳಗಾವಿಯಲ್ಲಿ ಇದ್ದು ಹಾಲಿನ ಮಾತು ಬಂದಾಗ ಕುಂದಾ ನೆನಪಾಗದೆ ಇರುವುದಿಲ್ಲ. ಇಂಥ ಹಾಲು ಕಾಯಿಸಿದರೆ ಮಾಮೂಲಿ ಹಾಲಿಗಿಂತ ಬೇಗ ಕೆಂಪಗಾಗುತ್ತದೆ, ಸಿಹಿಯೂ ಜಾಸ್ತಿ. ಕುಂದಾ ಮಾಡುವವರು ಯಾರಾದರೂ ಪ್ರಯತ್ನಿಸಿದರೆ ನನಗೆ ಕುತೂಹಲವಿದೆ.

ಈಗ ಸಕ್ಕರೆ ಕಾರ್ಖಾನೆಯವರ ಪ್ರಶ್ನೆಗೆ ಬರುತ್ತೇನೆ. ಕಡಿದ ಕಬ್ಬು ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತು ಹಳತಾದರೆ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಸೇರಿಕೊಂಡು ಸಕ್ಕರೆಯಿಂದ ಡೆಕ್ಸ್‌ಟ್ರಾನ್ ಎನ್ನುವ ಅಂಟನ್ನು ಮಾಡುತ್ತದೆ. ರಸ ಗಟ್ಟಿಯಾಗುತ್ತದೆ, ಸೋಸುವುದು ನಿಧಾನವಾಗುತ್ತದೆ, ಹರಳು ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಡೆಕ್ಸ್‌ಟ್ರನೇಸ್ ಹಾಕುತ್ತಾರೆ. ಪ್ರತಿ ಸಲ ಸುರಿಯುವ ಬದಲು ಅದನ್ನು ಬಗಾಸಿಗೆ, ಅಂದರೆ ರಸ ತೆಗೆದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಗೆ, ಕಟ್ಟಿ ಕಾಲಂ ಮಾಡಬಹುದಾ ಅಂತ ಕೇಳಿದ್ದೀರಿ. ಆಸೆ ಸಹಜ. ನನ್ನ ಉತ್ತರ, ಬೇಡ.

ಕಾರಣ ಹೇಳುತ್ತೇನೆ. ಡೆಕ್ಸ್‌ಟ್ರಾನ್ ಅತಿ ದೊಡ್ಡ ಅಣು. ಆಧಾರದ ಸಣ್ಣ ರಂಧ್ರಗಳಿಗೆ ಅದು ಇಳಿಯುವುದೇ ಇಲ್ಲ, ಮೇಲ್ಮೈ ಮೇಲಿನ ಕಿಣ್ವಕ್ಕೆ ಮಾತ್ರ ಕೆಲಸ. ರಸದಲ್ಲಿ ಮಣ್ಣು, ನಾರು, ಮೇಣ ಎಲ್ಲ ಇರುತ್ತದೆ, ಕಾಲಂ ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿದ ಕಿಣ್ವಕ್ಕೆ ಬೇಕಾದದ್ದು ತಿಳಿಯಾದ ದ್ರಾವಣ ಮತ್ತು ಸಣ್ಣ ಅಣು. ಕಿಣ್ವ ದುಬಾರಿಯಾಗಿದ್ದರೆ ಮಾತ್ರ ಕಟ್ಟುವ ಶ್ರಮಕ್ಕೆ ಬೆಲೆ.

ಮೆಕ್ಕೆಜೋಳದ ಪಿಷ್ಟದಿಂದ ಫ್ರಕ್ಟೋಸ್ ಪಾಕ ಮಾಡುವ ಕಾರ್ಖಾನೆ ನೋಡಿ. ಪಿಷ್ಟ ಒಡೆಯುವ ಅಮೈಲೇಸ್, ಗ್ಲೂಕೋಅಮೈಲೇಸ್‌ಗಳನ್ನು ಸಾಮಾನ್ಯವಾಗಿ ಹಾಗೇ ಸುರಿಯುತ್ತಾರೆ. ಪಿಷ್ಟ ದೊಡ್ಡ ಅಣು, ಆ ಕಿಣ್ವಗಳು ಅಗ್ಗ. ಗ್ಲೂಕೋಸ್ ಬಂದ ಮೇಲೆ ಅದನ್ನು ಫ್ರಕ್ಟೋಸ್ ಮಾಡುವ ಗ್ಲೂಕೋಸ್ ಐಸೋಮರೇಸ್ ಮಾತ್ರ ಕಟ್ಟಿದ ರೂಪದಲ್ಲಿ, ಕಾಲಂನಲ್ಲಿ. ಅದು ಜೀವಕೋಶದ ಒಳಗಿನ ಕಿಣ್ವ, ತೆಗೆಯುವುದು ಕಷ್ಟ. ಅಮೆರಿಕದ ಕ್ಲಿಂಟನ್ ಕಾರ್ನ್ ಕಂಪನಿ 1960ರ ದಶಕದ ಕೊನೆಯಲ್ಲಿ ಇದನ್ನು ಡಿಇಎಇ-ಸೆಲ್ಯುಲೋಸ್ ಮೇಲೆ ಕೂರಿಸಿತ್ತು. 60 ಡಿಗ್ರಿಯ ಹತ್ತಿರ ಕಾಲಂನಿಂದ 42 ಪರ್ಸೆಂಟ್ ಫ್ರಕ್ಟೋಸ್ ಇರುವ ಪಾಕ ಹೊರಬರುತ್ತದೆ, ತಿಂಗಳುಗಟ್ಟಲೆ. ಒಂದೇ ಸೂರಿನ ಕೆಳಗೆ ಎರಡು ನಿರ್ಧಾರ. ಎರಡೂ ಸರಿ.

ಹಾಗಾದರೆ ಬಗಾಸ್ ಕೆಲಸಕ್ಕೆ ಬಾರದೇ? ಬರುತ್ತದೆ. ಸಕ್ಕರೆ ಒಡೆದು ಇನ್ವರ್ಟ್ ಪಾಕ ಮಾಡುವ ಇನ್ವರ್ಟೇಸ್‌ಗೆ ಅದನ್ನು ಆಧಾರ ಮಾಡಿ ನೋಡಬಹುದು. ಪಾಕ ತಿಳಿ, ಸಕ್ಕರೆ ಸಣ್ಣ ಅಣು. ಆದರೆ ಬಗಾಸಿನಲ್ಲಿ ಸೆಲ್ಯುಲೋಸ್ ಇರುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಕ್ಷಾರದಲ್ಲಿ ಕುದಿಸಿ, ಲಿಗ್ನಿನ್ ತೆಗೆದು, ಬಣ್ಣ ಹೋಗುವವರೆಗೆ ತೊಳೆಯಬೇಕು. ಆ ನೀರು, ಆ ಕ್ಷಾರ ಎಲ್ಲಿ ಹೋಗುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಬಗಾಸ್ ತ್ಯಾಜ್ಯ ಅಂತ ಪ್ರಾಜೆಕ್ಟ್‌ನ ಮೊದಲ ಸಾಲಿನಲ್ಲೇ ಬರೆಯಬೇಡಿ. ಇಲ್ಲಿ ಕೂತಿರುವ ಕಾರ್ಖಾನೆಯವರು ಅದನ್ನು ಬಾಯ್ಲರ್‌ಗೆ ಹಾಕಿ ಉಗಿ, ಕರೆಂಟ್ ಎರಡನ್ನೂ ತೆಗೆಯುತ್ತಾರೆ. ಅದಕ್ಕೆ ಬೆಲೆ ಇದೆ.

ಕೊನೆಗೆ ಅಳೆಯುವ ವಿಷಯ. ಯೂನಿಟ್ ಅಂದರೆ ಕಿಣ್ವದ ಕೆಲಸದ ಅಳತೆ. ನೂರು ಯೂನಿಟ್ ಇನ್ವರ್ಟೇಸ್ ಹಾಕಿದಿರಿ ಅಂದುಕೊಳ್ಳಿ. ತೊಳೆದ ನೀರನ್ನೆಲ್ಲ ಕೂಡಿಸಿ ಅಳೆದರೆ 30 ಸಿಕ್ಕಿತು. ಅಂದರೆ 70 ಅಂಟಿರಬೇಕು. ನಾರನ್ನೇ ತಗೊಂಡು ಅಳೆದರೆ 35 ಮಾತ್ರ. ಉಳಿದ ಅರ್ಧ ಸತ್ತಿದೆ, ಅಥವಾ ಅದರ ಹತ್ತಿರ ಸಕ್ಕರೆ ಹೋಗುತ್ತಿಲ್ಲ. ನಾರನ್ನು ನಯವಾಗಿ ಪುಡಿ ಮಾಡಿ ಮತ್ತೆ ಅಳೆಯಿರಿ. ಸಂಖ್ಯೆ ಏರಿದರೆ ಸಕ್ಕರೆ ಒಳಗೆ ಹೋಗಲಾರದೆ ನಿಂತಿತ್ತು ಅಂತ ಗೊತ್ತಾಗುತ್ತದೆ. 70 ಮತ್ತು 35, ಎರಡನ್ನೂ ವರದಿಯಲ್ಲಿ ಬರೆಯಿರಿ. ಬರೀ 70 ಬರೆದು ಬಿಡುವುದು ಓದುವವರಿಗೆ ಮಾಡುವ ಮೋಸ.

ಹತ್ತು ಸಲ ಬಳಸಿದರೂ ಶಕ್ತಿ ಕುಂದಲಿಲ್ಲ ಅಂತ ಬರೆಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಒಂದೊಂದು ಸಲ ಹತ್ತು ನಿಮಿಷ ಆದರೆ ಅದು ಎರಡು ಗಂಟೆಯೂ ಆಗಲಿಲ್ಲ. ಚಿಬಾಟ ಅವರ ಕಾಲಂ ವಾರಗಟ್ಟಲೆ ಹರಿಯುತ್ತಿತ್ತು. ಇನ್ನೊಂದು ಮೋಸವೂ ಇಲ್ಲಿ ಅಡಗಿದೆ. ನಾರಿನಲ್ಲಿ ಕಿಣ್ವ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ, ಅರ್ಧ ಸತ್ತರೂ ಹೊರಬರುವ ಪಾಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಕಾಲಂ ಸಣ್ಣದು ಮಾಡಿ, ಹರಿವು ಜಾಸ್ತಿ ಮಾಡಿ, ಸಕ್ಕರೆ ಪೂರ್ತಿ ಒಡೆಯದ ಹಾಗೆ ನಡೆಸಿ. ಆಗ ಕಿಣ್ವ ಕುಂದಿದ ದಿನವೇ, ಒಡೆದು ಬಂದ ಗ್ಲೂಕೋಸ್, ಫ್ರಕ್ಟೋಸನ್ನು ಬಣ್ಣದಿಂದ ಅಳೆಯುವ ಡಿಎನ್‌ಎಸ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಜೊತೆಗೆ ದಿನಕ್ಕೊಮ್ಮೆ ಕಾಲಂನಿಂದ ಬಂದ ಪಾಕವನ್ನು ಒಂದು ಟ್ಯೂಬಿನಲ್ಲಿ ಹಿಡಿದು, ನಾರಿನ ಚೂರೂ ಇಲ್ಲದ ಹಾಗೆ ಸೋಸಿ, 50 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ಅಳೆಯಿರಿ. ಆ ಟ್ಯೂಬಿನಲ್ಲೂ ಸಕ್ಕರೆ ಒಡೆಯುವುದು ಮುಂದುವರಿದಿದ್ದರೆ ಕಿಣ್ವ ಕಳಚಿಕೊಂಡು ಪಾಕದ ಜೊತೆ ಹೋಗುತ್ತಿದೆ. ಆಗ ಹರಿವು ನಿಲ್ಲಿಸಿ, ಕಟ್ಟುವ ಹಂತಕ್ಕೇ ವಾಪಸ್ ಹೋಗಬೇಕು.